ಶೃಂಗಾರ ಕಾದಂಬರಿ ಮತ್ತು ನಾಗರತ್ನಮ್ಮನವರ ಪ್ರಶ್ನೆ

ಈಚಿನ ಶೃಂಗಾರ ಕಾದಂಬರಿಗಳನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ ಎಂದಾಗ ಹಿರಿಯ ಮಿತ್ರರೊಬ್ಬರು, "ಧಾರಾಳವಾಗಿ ಬರೆಯಿರಿ ಸ್ವಾಮಿ, ಆದರೆ ನೀವೇ ಓದಿದ್ದೀರೆಂದು ಮಾತ್ರ ಒಪ್ಪಿಕೊಳ್ಳಬೇಡಿ" ಎಂದು ನಕ್ಕರು. ತಮಾಷೆಗೆ ಆಡಿದ ಮಾತಾದರೂ ನಮ್ಮವರ ಸ್ವಭಾವವನ್ನು ಅದು ಚೆನ್ನಾಗಿ ತೋರಿಸುತ್ತದೆ. ಈ ಬಗೆಯ ಪುಸ್ತಕಗಳು ಖರ್ಚಾಗುತ್ತವೆ, ಕೈಯಿಂದ ಕೈಗೆ ಹೋಗುತ್ತವೆ. ಓದಿದವರು ಯಾರೆಂದು ಕೇಳಿದರೆ ಮಾತ್ರ ಒಬ್ಬರೂ ಮುಂದೆ ಬರುವುದಿಲ್ಲ. ಆದ್ದರಿಂದ ಮೊದಲಿಗೇ ಹೇಳಿಬಿಡುತ್ತೇವೆ: ನಾವು ಓದಿದ್ದೇವೆ. ಅಚ್ಚಾದ ಕೆಲವನ್ನು, ಮನೆಯ ಕಿರಿಯರ ಕೈಯಿಂದ ಎರವಲು ಪಡೆದ ಇಂಗ್ಲಿಷಿನ ಕೆಲವನ್ನು, ಮೊಬೈಲ್ ಫೋನಿನಲ್ಲಿ ಕಂತು ಕಂತಾಗಿ ಬರುವ ಕನ್ನಡದ ಕೆಲವನ್ನು ಕಳೆದ ಕೆಲವು ತಿಂಗಳಲ್ಲಿ ಓದಿ ಮುಗಿಸಿದ್ದೇವೆ. ಓದದೆ ತೀರ್ಪು ಕೊಡುವ ಪಾಪವಾದರೂ ನಮಗೆ ಬೇಡ.

ಶೃಂಗಾರ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲೇ ನೇಮಿಚಂದ್ರನು 'ಲೀಲಾವತಿ'ಯಂಥ ಪ್ರಣಯ ಕಥೆಯನ್ನು ಚಂಪುವಿನಲ್ಲಿ ಬರೆದ. ಪಂಡಿತರು ಅದನ್ನು ಪಾಠ ಹೇಳಿದರು. ಯಾರ ಮಾನವೂ ಹೋಗಲಿಲ್ಲ. ನಮ್ಮ ಕಾಲದ ಓದುಗರಿಗಾದರೋ ಪ್ರೇಮ ಕಾದಂಬರಿಯೆಂದರೆ ಮೊದಲು ನೆನಪಾಗುವುದು ಸರ್ಕ್ಯುಲೇಟಿಂಗ್ ಲೈಬ್ರರಿಯ ದಿನಗಳು. ತ್ರಿವೇಣಿ, ಅನುಪಮಾ ನಿರಂಜನ, ಸಾಯಿಸುತೆ ಮುಂತಾದವರ ಪುಸ್ತಕಗಳಿಗಾಗಿ ಹೆಸರು ಬರೆಸಿ ಕಾದು ಓದಿದ ಸೋದರಿಯರು ಈ ಊರಿನಲ್ಲಿಯೂ ಬಹಳ ಮಂದಿ ಇದ್ದಾರೆ. ಅಂದಿನ ಕಾದಂಬರಿಗಳಲ್ಲಿ ಸಾಮಾನ್ಯವಾಗಿ ಪ್ರಣಯವು ಕೋಣೆಯ ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಬಾಗಿಲು ಮುಚ್ಚಿದರೆ ಅಧ್ಯಾಯವೂ ಮುಗಿಯಿತು. ಇಂದಿನ ಕಾದಂಬರಿ ಬಾಗಿಲನ್ನು ತೆರೆದೇ ಇಟ್ಟಿದೆ. ಹಿರಿಯರ ಆಕ್ಷೇಪಣೆಯೆಲ್ಲ ಈ ಬಾಗಿಲಿನ ಮೇಲೆ.

ನಮ್ಮ ಆಕ್ಷೇಪಣೆ ಬಾಗಿಲಿನ ಮೇಲಲ್ಲ. 1950ರ ಸುಮಾರಿಗೆ ಅ.ನ.ಕೃ. ಅವರು ವೇಶ್ಯಾ ಸಮಸ್ಯೆಯನ್ನು ಕುರಿತು 'ನಗ್ನಸತ್ಯ', 'ಶನಿ ಸಂತಾನ', 'ಸಂಜೆಗತ್ತಲು' ಕಾದಂಬರಿಗಳನ್ನು ಬರೆದಾಗ ಕನ್ನಡ ನಾಡಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಅಶ್ಲೀಲವೆಂದು ಒಂದು ಗುಂಪು, ವಾಸ್ತವವೆಂದು ಇನ್ನೊಂದು ಗುಂಪು. ಅ.ನ.ಕೃ. 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಆ ಚರ್ಚೆ ತನ್ನ ಕೆಲಸ ಮಾಡಿ ಮುಗಿಸಿದೆ. ಎಷ್ಟು ಬಟ್ಟೆ ಕಳಚಿತು, ಎಷ್ಟು ಉಳಿಯಿತು ಎಂದು ಅಳೆಯುತ್ತ ಕೂರುವುದು ದರ್ಜಿಯ ಕೆಲಸವೇ ಹೊರತು ವಿಮರ್ಶಕನದಲ್ಲ.

ಹಾಗಾದರೆ ಈ ಕಾದಂಬರಿಗಳಲ್ಲಿ ಇರುವುದೇನು? ಮೊದಲು ಒಳ್ಳೆಯದನ್ನು ಹೇಳೋಣ. ಬೆಳಗಿನಿಂದ ರಾತ್ರಿಯವರೆಗೆ ಮನೆ, ಕಚೇರಿ ಎರಡನ್ನೂ ಹೊತ್ತ ಹೆಣ್ಣುಮಗಳು ಮಾಂಬಲದಲ್ಲಿ ಲೋಕಲ್ ರೈಲು ಹತ್ತಿ, ಸೀಟು ಸಿಕ್ಕರೆ ಫೋನು ತೆರೆದು ಒಂದು ಕಂತು ಓದುತ್ತಾಳೆ. ಆ ಕಂತಿನಲ್ಲಿ ಹೆಣ್ಣಿನ ಸುಖವೂ ಸುಖವೆಂದು ಲೆಕ್ಕಕ್ಕೆ ಬರುತ್ತದೆ. ನಾಯಕನು ಅವಳ ಮುಖ ನೋಡಿ ಮಾತನಾಡುತ್ತಾನೆ, ಅವಳ ಮೌನವನ್ನು ಗಮನಿಸುತ್ತಾನೆ, ಅವಳಿಗೆ ಜ್ವರ ಬಂದರೆ ಗಂಜಿ ಕಾಯಿಸಿ ಕೊಡುತ್ತಾನೆ. ಇದನ್ನು ಓದಿ ಅವಳಿಗೆ ಹತ್ತು ನಿಮಿಷ ಹಾಯೆನಿಸಿದರೆ ಅದನ್ನು ಹಳಿಯಲು ನಾವು ಯಾರು? ಕನ್ನಡದ ಹೆಣ್ಣುಮಕ್ಕಳು ತಮ್ಮ ಆಸೆಯನ್ನು ತಾವೇ ಬರೆಯುತ್ತಿರುವುದಂತೂ ಸಂತೋಷದ ವಿಷಯ. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ಪ್ರತಿಲಿಪಿ'ಯಂಥ ವೇದಿಕೆಗಳಿಂದಾಗಿ ಸಂಪಾದಕರ ಕೃಪೆಗೆ ಕಾಯದೆ ಬರೆದು ಓದುಗರನ್ನು ಮುಟ್ಟುವುದು ಸಾಧ್ಯವಾಗಿದೆ.

ಇನ್ನು ನಮಗೆ ಒಪ್ಪದ್ದು. ನಾವು ಓದಿದವುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಅಚ್ಚು. ನಾಯಕ ಕೋಟ್ಯಾಧೀಶ, ಸಿಡುಕ, ಎಂದೋ ಯಾರಿಂದಲೋ ಮನಸ್ಸು ಮುರಿದುಕೊಂಡವನು. ನಾಯಕಿ ಬಡವಳು, ಬಹಳ ವೇಳೆ ತಬ್ಬಲಿ. ತಂದೆಯ ಸಾಲಕ್ಕೋ ತಮ್ಮನ ಆಪರೇಷನ್ನಿಗೋ ಒಂದು ಕರಾರು ಮದುವೆ. ಅವನು ಕೂಗಾಡುತ್ತಾನೆ, ತೋಳು ಹಿಡಿದು ಎಳೆಯುತ್ತಾನೆ, ಅವಳು ಬೇಡವೆಂದರೂ ಬಿಡುವುದಿಲ್ಲ. ಮುಂದಿನ ಕಂತಿನಲ್ಲಿ ಇದೆಲ್ಲ ಅತಿಪ್ರೀತಿಯ ಫಲವೆಂದು ತಿಳಿದುಬರುತ್ತದೆ! ಇದು ನಮ್ಮಲ್ಲಿ ಮಾತ್ರ ಬೆಳೆದ ಕಳೆಯಲ್ಲ. 2011ರಲ್ಲಿ ಹೊರಬಂದು, ಅದರ ಮುಂದಿನ ಭಾಗಗಳೂ ಸೇರಿ ಜಗತ್ತಿನಲ್ಲಿ ಹತ್ತು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದ 'ಫಿಫ್ಟಿ ಶೇಡ್ಸ್ ಆಫ್ ಗ್ರೇ'ಯಲ್ಲಿಯೂ ನಾಯಕ ಕುಬೇರ, ನಾಯಕಿ ಕಾಲೇಜಿನ ಹುಡುಗಿ, ನಡುವೆ ಒಂದು ಕರಾರು ಪತ್ರ. ಆ ಪತ್ರದಲ್ಲಾದರೂ ಒಪ್ಪಿಗೆಯ ಮಾತು ಬರುತ್ತದೆ, ಅವಳು ಚೌಕಾಸಿ ಮಾಡುತ್ತಾಳೆ. ನಮ್ಮ ಕಂತುಗಳಲ್ಲಿ ತಾಳಿ ಕಟ್ಟಿದ ಮೇಲೆ ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ. ಒಂದು ದೃಶ್ಯದಲ್ಲೂ ಅಸಭ್ಯ ಪದವಿಲ್ಲ, ಆದರೂ ಓದಿ ಮುಗಿಸಿದಾಗ ಮನಸ್ಸಿಗೆ ಕಸಿವಿಸಿ. ಇದನ್ನು ಯಾವ ಮಡಿವಂತರೂ ಆಕ್ಷೇಪಿಸಿದ್ದನ್ನು ನಾವು ಕೇಳಿಲ್ಲ.

ಇಂಥ ಪುಸ್ತಕಗಳನ್ನು ಅಳೆಯಲು ಬೇರೊಂದು ಕೋಲು ಬೇಕು. ಅದು ನಮ್ಮ ಈ ಊರಿನಲ್ಲಿಯೇ, ನೂರು ವರ್ಷಗಳಿಗೂ ಹಿಂದೆ, ಕನ್ನಡನಾಡಿನ ಹೆಣ್ಣುಮಗಳೊಬ್ಬಳ ಕೈಯಲ್ಲಿತ್ತು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಮದರಾಸಿನಲ್ಲಿ ನೆಲೆಸಿ ಕೀರ್ತಿ ಪಡೆದ ಬೆಂಗಳೂರು ನಾಗರತ್ನಮ್ಮನವರನ್ನು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಿದ ಪುಣ್ಯವಂತೆಯೆಂದು ಸಂಗೀತ ರಸಿಕರು ನೆನೆಯುತ್ತಾರೆ. ಆಕೆ ಒಳ್ಳೆಯ ಓದುಗಿಯೂ ಆಗಿದ್ದರು. ಕನ್ನಡ, ತೆಲುಗು, ಸಂಸ್ಕೃತ ಮೂರೂ ಬಲ್ಲವರು.

ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಗಣಿಕೆ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಎಂಬ ಶೃಂಗಾರ ಕಾವ್ಯ ಬರೆದಳು. ರಾಧೆ ತಾನೇ ಸಾಕಿದ ಇಳೆಯೆಂಬ ಹುಡುಗಿಯನ್ನು ಕೃಷ್ಣನಿಗೆ ಮದುವೆ ಮಾಡಿಕೊಡುತ್ತಾಳೆ. ಆಮೇಲೆ ವಿರಹ ತಾಳಲಾರದೆ ಮುನಿಯುತ್ತಾಳೆ. ಕೃಷ್ಣ ಬಂದು ಅವಳನ್ನು ಸಂತೈಸುತ್ತಾನೆ. ನಾಗರತ್ನಮ್ಮನವರಿಗೆ ಈ ಕಾವ್ಯ ಬಹಳ ಮೆಚ್ಚುಗೆಯಾಯಿತು. ಮೊದಲು ಅಚ್ಚಾಗಿದ್ದ ಪ್ರತಿಯಲ್ಲಿ ಕವಯಿತ್ರಿ ತನ್ನ ವಂಶವನ್ನು ಹೇಳಿಕೊಂಡ ಪದ್ಯಗಳನ್ನೂ ಬಿಟ್ಟಿದ್ದುದನ್ನು ಕಂಡು, ಹಸ್ತಪ್ರತಿ ಹುಡುಕಿ, ಪೂರ್ಣಪಾಠವನ್ನು ಸಿದ್ಧಪಡಿಸಿದರು. 1910ರಲ್ಲಿ ಮದರಾಸಿನ ಪ್ರಸಿದ್ಧ ಪ್ರಕಾಶಕರಾದ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಅದನ್ನು ಪ್ರಕಟಿಸಿದರು.

ಅಷ್ಟರಲ್ಲಾಗಲೇ ವಿಧವಾ ವಿವಾಹಕ್ಕಾಗಿ ಹೋರಾಡಿದ ಮಹನೀಯರಾದ ಕಂದುಕೂರಿ ವೀರೇಶಲಿಂಗಂ ಪಂತುಲು, ಮುದ್ದುಪಳನಿಯ ಪಾಂಡಿತ್ಯವನ್ನು ಒಪ್ಪಿಕೊಂಡರೂ, ಹೆಂಗಸರ ಬಾಯಲ್ಲಿ ಬರಬಾರದ ಮಾತುಗಳು ಕಾವ್ಯದಲ್ಲಿವೆಯೆಂದು ಖಂಡಿಸಿದ್ದರು. ನಾಗರತ್ನಮ್ಮನವರು ಬಿಡಲಿಲ್ಲ. ಲಜ್ಜೆ ಎಂಬುದು ಹೆಂಗಸರಿಗೆ ಮಾತ್ರ ಅನ್ವಯಿಸುತ್ತದೆಯೋ, ಗಂಡಸರಿಗೂ ಉಂಟೋ ಎಂದು ಕೇಳಿದರು. ಪಂತುಲು ಅವರೇ ನೋಡಿ ಒಪ್ಪಿ ಅಚ್ಚು ಮಾಡಿಸಿದ 'ವೈಜಯಂತೀ ವಿಲಾಸಮು' ಕಾವ್ಯದಲ್ಲಿಲ್ಲದ ಯಾವ ಹೊಲಸು ಇದರಲ್ಲಿದೆಯೆಂದು ಬೆರಳು ಮಾಡಿ ತೋರಿಸಿದರು. ಪುರುಷ ಕವಿಗಳು ಬರೆದರೆ ರಸ, ಗಣಿಕೆ ಬರೆದರೆ ಕಸ ಎಂಬ ನ್ಯಾಯವನ್ನು ಆಕೆ ಒಪ್ಪಲಿಲ್ಲ.

ಸರ್ಕಾರ ಒಪ್ಪಿತು. 1911ರಲ್ಲಿ ಪುಸ್ತಕ ಅಶ್ಲೀಲವೆಂದು ಪ್ರತಿಗಳನ್ನು ವಶಪಡಿಸಿಕೊಂಡರು. ಪಂಡಿತರು ಮನವಿ ಮಾಡಿಕೊಂಡರೂ ಫಲವಾಗಲಿಲ್ಲ. ಟಂಗುಟೂರಿ ಪ್ರಕಾಶಂ ಅವರ ಸರ್ಕಾರದ ಕಾಲದಲ್ಲಿ, 1947ರಲ್ಲಿ, ನಿಷೇಧ ತೆರವಾಯಿತು. 1952ರಲ್ಲಿ ವಾವಿಳ್ಳದವರು ಮತ್ತೆ ಅಚ್ಚು ಹಾಕಿದರು. ಅದೇ ವರ್ಷ ನಾಗರತ್ನಮ್ಮನವರು ತೀರಿಕೊಂಡರು.

ಈ ಹಳೆಯ ಕಥೆಯನ್ನು ಇಲ್ಲಿ ತೆಗೆದದ್ದಕ್ಕೆ ಕಾರಣವಿದೆ. ಆ ಕಾವ್ಯದಲ್ಲಿ ರಾಧೆ ಹೊಸ ಹೆಂಡತಿಯನ್ನು ಹೇಗೆ ಮೆಲ್ಲಗೆ, ನೋಯದಂತೆ ನಡೆಸಿಕೊಳ್ಳಬೇಕೆಂದು ಕೃಷ್ಣನಿಗೇ ಬುದ್ಧಿ ಹೇಳುತ್ತಾಳೆ. ಮುನಿದವಳು ಅವಳು, ಕಾಡಿ ಬೇಡಿ ಒಲಿಸಬೇಕಾದವನು ಸಾಕ್ಷಾತ್ ದೇವರು. ಎಲ್ಲವೂ ನಮ್ಮ ಕಾಲಕ್ಕೆ ಒಪ್ಪಿಗೆಯಾಗುತ್ತದೆಂದು ನಾವು ಹೇಳುವುದಿಲ್ಲ. ಎಳೆಯ ಹುಡುಗಿಯನ್ನು ಬೆಳೆಸಿ ಮದುವೆ ಮಾಡಿಕೊಡುವ ಕಥೆ ಆ ಕಾಲದ್ದು. ಆದರೆ ಹೆಣ್ಣಿನ ಇಷ್ಟಾನಿಷ್ಟಕ್ಕೆ ಅಲ್ಲಿ ಬೆಲೆಯಿದೆ. ಇದನ್ನು ಸುಟ್ಟುಹಾಕಬೇಕೆಂದರು. ಹುಡುಗಿಯ ತೋಳು ತಿರುಚುವವನನ್ನು ಮನ್ಮಥನೆಂದು ಹೊಗಳುವ ಇಂದಿನ ಕಾದಂಬರಿಗೆ ಯಾರ ತಡೆಯೂ ಇಲ್ಲ. ಲಜ್ಜೆಯ ತಕ್ಕಡಿ ಇನ್ನೂ ಅದೇ ಕಡೆಗೆ ವಾಲಿದೆ.

ಹೊಡೆತ ಬಡಿತ ಕಥೆಯಲ್ಲಿ ಬರಲೇಬಾರದೆಂದು ನಮ್ಮ ವಾದವಲ್ಲ. 1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ'ಯ ಅಮೃತಮತಿ ಮಾವಟಿಗನ ಹಾಡಿಗೆ ಮರುಳಾಗಿ ಅರಮನೆ ಬಿಟ್ಟು ಹೋಗುತ್ತಾಳೆ. ತಡವಾಗಿ ಬಂದಳೆಂದು ಅವನು ಅವಳನ್ನು ಬಡಿಯುತ್ತಾನೆ. ಜನ್ನನಿಗೆ ಅವಳ ನಡತೆ ಸಮ್ಮತವಲ್ಲ. ಆದರೂ ಅವಳ ಹೃದಯವನ್ನು ನಮಗೆ ಕಾಣಿಸುತ್ತಾನೆ, ಹೊಡೆತವನ್ನು ಹೊಡೆತವೆಂದೇ ಹೇಳುತ್ತಾನೆ. ಅದಕ್ಕೆ ಪ್ರೀತಿಯೆಂಬ ಲೇಪ ಹಚ್ಚುವುದಿಲ್ಲ. ತ್ರಿವೇಣಿಯವರ 'ಶರಪಂಜರ'ದಲ್ಲಿ ಶಯನಗೃಹದ ವರ್ಣನೆ ಹುಡುಕಿದರೂ ಸಿಗದು. ಹೆರಿಗೆಯ ನಂತರ ಮನಸ್ಸು ಕದಡಿ, ಗುಣವಾಗಿ ಮನೆಗೆ ಬಂದ ಕಾವೇರಿಗೆ ಗಂಡನ ಒಲವು ತಿರುಗಿ ಸಿಗದೆಹೋದ ಸಂಕಟವನ್ನು ಓದಿದವರು, ದಾಂಪತ್ಯದಲ್ಲಿ ದೇಹ ಮನಸ್ಸುಗಳ ಪಾಲೇನೆಂಬುದನ್ನು ನೂರು ಬಿಸಿ ಬಿಸಿ ಕಂತುಗಳಿಗಿಂತ ಹೆಚ್ಚಾಗಿ ತಿಳಿದುಕೊಂಡರು. ಬಾಗಿಲು ತೆರೆದಿರಲಿ ಮುಚ್ಚಿರಲಿ, ಒಳಗಿರುವ ಹೆಂಗಸು ಮನುಷ್ಯಳಾಗಿದ್ದಾಳೆಯೇ ಎಂಬುದೇ ಪ್ರಶ್ನೆ.

ಹಾಗೆಂದು ನಿಷೇಧಿಸಿ ಎನ್ನುವವರ ಜೊತೆಗೆ ನಾವಿಲ್ಲ. ಪೆರುಮಾಳ್ ಮುರುಗನ್ ಅವರ 'ಮಾದೊರುಬಾಗನ್' ಕಾದಂಬರಿಯ ಮೊಕದ್ದಮೆಯಲ್ಲಿ, 2016ರಲ್ಲಿ, ನಮ್ಮ ಮದರಾಸ್ ಹೈಕೋರ್ಟು ಲೇಖಕರ ಪರವಾಗಿ ನಿಂತು, ಇಷ್ಟವಿಲ್ಲದವರು ಪುಸ್ತಕವನ್ನು ಓದದೆ ಬದಿಗಿಡಬಹುದೆಂಬ ಅರ್ಥದ ಮಾತು ಹೇಳಿತು. ಒಪ್ಪತಕ್ಕ ಮಾತು. ಆದರೆ ಬದಿಗಿಟ್ಟರೆ ಓದುಗರ ಕರ್ತವ್ಯ ಮುಗಿಯುವುದಿಲ್ಲ. ಏಕೆ ಬದಿಗಿಟ್ಟೆವೆಂದು ಬಾಯಿಬಿಟ್ಟು ಹೇಳಬೇಕು. ಬಚ್ಚಿಟ್ಟು ಓದಿದ ಪುಸ್ತಕದ ವಿಷಯ ಯಾರೂ ಮಾತನಾಡುವುದಿಲ್ಲ. ಮಾತನಾಡದ್ದರಿಂದ ಹದಿನೆಂಟರ ಹುಡುಗಿಗೆ, ಅವನು ಕೈ ಮಾಡುವುದು ಒಲವಲ್ಲಮ್ಮ ಎಂದು ಹೇಳುವವರೂ ಇಲ್ಲವಾಗುತ್ತಾರೆ. ಹುಡುಗರಿಗೂ ಇದೇ ಮಾತು. ಬೇಡವೆಂದರೆ ಬೇಕೆಂದರ್ಥ ಎಂದು ಅವರು ಕಲಿತದ್ದು ಸಿನಿಮಾದಿಂದ ಮಾತ್ರವಲ್ಲ.

ಆದ್ದರಿಂದ ಬರೆಯುವ ಸೋದರ ಸೋದರಿಯರಲ್ಲಿ ನಮ್ಮದೊಂದು ವಿನಂತಿ. ಶೃಂಗಾರವನ್ನು ಧೈರ್ಯವಾಗಿ ಬರೆಯಿರಿ, ನಾಚಬೇಡಿ. ನಿಮ್ಮ ನಾಯಕಿಗೆ ಒಂದು ಕಸುಬು ಕೊಡಿ, ಒಬ್ಬ ಗೆಳತಿಯನ್ನು ಕೊಡಿ, ಬೇಡವೆನ್ನುವ ಹಕ್ಕು ಕೊಡಿ. ಬೇಕೆನ್ನುವ ಹಕ್ಕನ್ನೂ ಕೊಡಿ. ನಾಯಕನಿಗೆ ಕೋಟಿ ರೂಪಾಯಿ ಇಲ್ಲದಿದ್ದರೂ ಚಿಂತೆಯಿಲ್ಲ, ಕೇಳುವ ಕಿವಿ ಇರಲಿ. ಓದುವ ಮಹನೀಯರಲ್ಲಿ ಇನ್ನೊಂದು ವಿನಂತಿ. ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಇಂಥ ಪುಸ್ತಕ ಕಂಡರೆ ಕಿತ್ತುಕೊಳ್ಳಬೇಡಿ. ಅವರು ಓದಿ ಮುಗಿಸಿದ ಮೇಲೆ ಕೇಳಿ ಇಸಿದುಕೊಂಡು ಓದಿ. ಆಮೇಲೆ ಊಟದ ಹೊತ್ತಿನಲ್ಲಿ ಜಗಳವಾಡಿದರೂ ಸರಿಯೇ. ನಂಜನಗೂಡಿನಿಂದ ಬಂದ ಆ ತಾಯಿ ಇದೇ ಊರಿನಲ್ಲಿ ಅಂಥದೊಂದು ಜಗಳವನ್ನು ಅಚ್ಚಿನಲ್ಲಿಯೇ, ತಮ್ಮ ಹೆಸರು ಹಾಕಿಯೇ ಆಡಿದರು. ನಾವು ಓದಿದ್ದೇವೆಂದು ಹೇಳಿಕೊಳ್ಳುವಷ್ಟು ಧೈರ್ಯವಾದರೂ ನಮಗಿರಲಿ.