ಬಿರುಕಿನ ಎರಡು ಅಂಚು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳ ಸುಣ್ಣಕಲ್ಲು ಗಣಿಗಳಲ್ಲಿ ಬ್ಲಾಸ್ಟಿಂಗ್ ಕಂಪನವನ್ನು ಅಳೆಯಲು ಒಂದು ಪದ್ಧತಿ ಇದೆ. ಮನೆಯ ಬದಿಗೆ ಜಿಯೋಫೋನ್ ಊರಿ, ನೆಲ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗಿತೆಂದು ನೋಡುವುದು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಂತೆ, ಗಣಿಯವರದಲ್ಲದ ಮನೆಗಳಿಗೆ 8 ಹರ್ಟ್ಸ್ ಒಳಗಿನ ಕಂಪನಕ್ಕೆ ಮಿತಿ ಸೆಕೆಂಡಿಗೆ 5 ಮಿ.ಮೀ., 25 ಹರ್ಟ್ಸ್‌ವರೆಗೆ 10, ಅದರಾಚೆ 15. ಇದು ದಡ್ಡ ನಿಯಮವೇನಲ್ಲ. ವೇಗ ಒಂದೇ ಇದ್ದರೂ ನಿಧಾನದ ಕಂಪನ ನೆಲವನ್ನು ಹೆಚ್ಚು ಸರಿಸುತ್ತದೆ: 5 ಮಿ.ಮೀ. ವೇಗಕ್ಕೆ 8 ಹರ್ಟ್ಸ್‌ನಲ್ಲಿ ನೂರು ಮೈಕ್ರಾನ್, 4 ಹರ್ಟ್ಸ್‌ನಲ್ಲಿ ಇನ್ನೂರು. ಆದರೆ ಊರವರ ತಕರಾರು ನೆಲದ ಬಗ್ಗೆ ಅಲ್ಲ, ಗೋಡೆಯ ಬಿರುಕಿನ ಬಗ್ಗೆ. ಮನೆ ಇಡಿಯಾಗಿ ನೆಲದ ಜತೆ ಅಲುಗಿದರೆ ಬಿರುಕು ಬಾಯಿ ಬಿಡುವುದಿಲ್ಲ. ಅದರ ಎರಡು ಅಂಚುಗಳು ಬೇರೆಬೇರೆಯಾಗಿ ಸರಿಯಬೇಕು. ಆ ಸರಿತ ಜಿಯೋಫೋನಿನ ವರದಿಯಲ್ಲಿ ಕಾಣುವುದೇ ಇಲ್ಲ.

ಲೇಸರ್ ಇಂಟರ್‌ಫೆರೊಮೀಟರ್ ಬೇಕಾಗುವುದು ಇಲ್ಲಿ. ಒಂದಂಚಿಗೆ ಲೇಸರ್, ಇನ್ನೊಂದಕ್ಕೆ ಪುಟ್ಟ ಕನ್ನಡಿ. ಸೀಳಿ ಮತ್ತೆ ಕೂಡಿಸಿದ ಬೆಳಕಿನಲ್ಲಿ ಪಟ್ಟೆಗಳೇಳುತ್ತವೆ. ಹೀಲಿಯಂ-ನಿಯಾನ್ ಲೇಸರಾದರೆ ಕನ್ನಡಿ 316 ನ್ಯಾನೊಮೀಟರ್ ಸರಿದಾಗ ಒಂದು ಪಟ್ಟೆ ದಾಟುತ್ತದೆ. ಗುರುತ್ವದ ಅಲೆ ಹಿಡಿಯಲೆಂದಿರುವ ಹಿಂಗೋಲಿಯ ಲೈಗೊ ಯೋಜನೆಗೆ ಬೇಕಾದ ಸೂಕ್ಷ್ಮತೆ ಈ ಗೋಡೆಗಳಿಗೆ ಬೇಕಿಲ್ಲ ಬಿಡಿ. ಇಲ್ಲಿ ಇಂಟರ್‌ಫೆರೊಮೀಟರಿನ ಹೆಚ್ಚುಗಾರಿಕೆ ಬೇರೆ: ಸೆಕೆಂಡಿನ ಹೊಡೆತವನ್ನೂ ತಿಂಗಳುಗಟ್ಟಲೆಯ ಹಿಗ್ಗುವಿಕೆಯನ್ನೂ ಅದು ಒಂದೇ ಅಳತೆಯಲ್ಲಿ ಹಿಡಿಯುತ್ತದೆ. ಬಿಸಿಲಿಗೂ ಗೋಡೆ ಬಿರಿಯುತ್ತದೆಂಬ ಗಣಿಯವರ ವಾದ ಬರೀ ನೆಪವಲ್ಲ. ಒಂದು ಮೀಟರ್ ಸುಣ್ಣಕಲ್ಲು 20 ಡಿಗ್ರಿ ಕಾದರೆ ನೂರು ಮೈಕ್ರಾನಿನ ಆಸುಪಾಸು ಹಿಗ್ಗುತ್ತದೆ. ಶಹಾಬಾದ್ ಕಲ್ಲಿನ ಮನೆಯಲ್ಲಿ ಬಿಸಿಲಿನ ಪಾಲೆಷ್ಟು, ಗಣಿಯ ಪಾಲೆಷ್ಟು ಎಂಬುದು ಬಿರುಕಿನ ಮೇಲೆಯೇ ಅಳೆದರೆ ಗೊತ್ತಾಗುವ ಸಂಗತಿ.

ಇಷ್ಟು ನಾಜೂಕಿನ ಯಂತ್ರ ಸಿಮೆಂಟ್ ಧೂಳಿನಲ್ಲಿ, ಕಲಬುರಗಿಯ ಬೇಸಿಗೆಯಲ್ಲಿ ಬಾಳುತ್ತದೆಯೇ? ಕಾವಿಗೆ ಹೆದರಬೇಕಿಲ್ಲ, ಗಾಳಿ 30 ಡಿಗ್ರಿ ಏರಿದರೂ ಹತ್ತು ಸೆಂಟಿಮೀಟರ್ ದಾರಿಯಲ್ಲಿ ತಪ್ಪುವುದು ಮೂರು ಮೈಕ್ರಾನ್. ಕರೆಂಟಿನದೇ ತಾಪತ್ರಯ. ಪಟ್ಟೆ ಎಣಿಸುವ ಯಂತ್ರ ಒಮ್ಮೆ ನಿಂತರೆ ಲೆಕ್ಕ ತಪ್ಪಿತು. ಆದ್ದರಿಂದ ಅಂತರವನ್ನೇ ನೇರವಾಗಿ ಓದುವ ಫೈಬರ್ ಇಂಟರ್‌ಫೆರೊಮೀಟರ್ ಗೇಜ್ ವಾಸಿ. ನಿಧಾನದ ಸರಿತವಷ್ಟೇ ಸಾಕೆನ್ನುವವರಿಗೆ ಅಗ್ಗದ ಡಯಲ್ ಗೇಜೇ ಸಾಕು, ಲೇಸರ್ ದಂಡ.

ಚಿಂಚೋಳಿ ತಾಲ್ಲೂಕಿನ ಪ್ರಶ್ನೆ ಬೇರೆ: ಗೋಡೆ ಅಲುಗಿದ್ದು ಗಣಿಯಿಂದಲೋ ಭೂಕಂಪದಿಂದಲೋ? 2021ರ ಅಕ್ಟೋಬರ್‌ನಲ್ಲಿ ಗಡಿಕೇಶ್ವರ ಸುತ್ತ 4.1 ತೀವ್ರತೆಯ ಭೂಕಂಪವಾಯಿತು. ಬಿರುಕಿನ ಗೇಜ್ ಎಷ್ಟು ಸರಿಯಿತೆಂದು ಹೇಳೀತು, ಯಾರು ಸರಿಸಿದರೆಂದು ಹೇಳಲಾರದು. ಸ್ಫೋಟದ ಮೊದಲ ಅಲೆ ಎಲ್ಲ ದಿಕ್ಕಿಗೂ ನೆಲವನ್ನು ಹೊರಗೆ ತಳ್ಳುತ್ತದೆ. ಭೂಕಂಪದ್ದು ಕೆಲವು ಕಡೆ ತಳ್ಳಿ ಕೆಲವು ಕಡೆ ಎಳೆಯುತ್ತದೆ. ಈ ವ್ಯತ್ಯಾಸವನ್ನು ಗುರುತಿಸಲು ಹಲವು ಕಡೆ ಭೂಕಂಪಮಾಪಕಗಳೇ ಬೇಕು. ಗೇಜಿನ ಗಡಿಯಾರ, ಅವುಗಳ ಗಡಿಯಾರ, ಗಣಿಯ ಬ್ಲಾಸ್ಟಿಂಗ್ ರಿಜಿಸ್ಟರಿನ ವೇಳೆ ಮೂರೂ ತಾಳೆಯಾಗಬೇಕು, ಆ ರಿಜಿಸ್ಟರ್ ಗ್ರಾಮ ಪಂಚಾಯಿತಿಯ ಕೈಗೂ ಸಿಗಬೇಕು.