ಪದವಿಯ ಮೇಲಣ ಪರವಾನಿಗೆ

ವಿದೇಶೀ ವಿದ್ಯಾರ್ಥಿಯು ವ್ಯಾಸಂಗವನ್ನು ಮುಗಿಸಿದ ಬಳಿಕ ಅದೇ ದೇಶದಲ್ಲಿ ಕೆಲವು ಕಾಲ ನಿಂತು ದುಡಿಯುವುದಕ್ಕೆ ಅಲ್ಲಿನ ಸರಕಾರವು ಕೊಡುವ ಅನುಮತಿಯನ್ನು ಔದಾರ್ಯವೆಂದು ಹೊಗಳುವವರೂ ಉಂಟು, ಶುಲ್ಕವನ್ನು ಸೆಳೆಯುವ ಗಾಳವೆಂದು ಹಳಿಯುವವರೂ ಉಂಟು. ಆದರೆ ಕೇರಳದ ಕಾಸರಗೋಡು ಸೀಮೆಯ ಅಗಲ್ಪಾಡಿಯಂಥ ಊರಿನಲ್ಲಿ, ಅಡಿಕೆತೋಟವನ್ನು ಅಡವಿಟ್ಟು ಮಗನನ್ನೋ ಮಗಳನ್ನೋ ಕಡಲಾಚೆಗೆ ಕಳುಹುವ ಮನೆಯ ಜಗಲಿಯಲ್ಲಿ ಕುಳಿತು ನೋಡಿದಾಗ ಈ ಎರಡು ಮಾತುಗಳೂ ಅರೆಬರೆಯಾಗಿಯೇ ತೋರುವುವು. ಅನುಮತಿ ಎಷ್ಟು ತಿಂಗಳಿನದೆಂಬುದಕ್ಕಿಂತ, ಪ್ರವೇಶದ ದಿನ ಆಡಿದ ಮಾತು ಪದವಿಯ ದಿನದವರೆಗೆ ಆಡಿದಂತೆಯೇ ಉಳಿಯುವುದೋ ಇಲ್ಲವೋ ಎಂಬುದರಿಂದಲೇ ಈ ಪರವಾನಿಗೆಯ ಯೋಗ್ಯತೆಯನ್ನು ಅಳೆಯತಕ್ಕದ್ದು.

ಕೇರಳದಿಂದ ವಿದ್ಯಾರ್ಥಿಗಳಾಗಿ ಹೊರನಾಡುಗಳಿಗೆ ಹೋದವರು 2018ರಲ್ಲಿ ಸುಮಾರು 1.3 ಲಕ್ಷವಿದ್ದುದು, 2023ರ ವಲಸೆ ಸಮೀಕ್ಷೆಯ ವೇಳೆಗೆ 2.5 ಲಕ್ಷದಷ್ಟಾಯಿತು. ಬ್ಯಾಂಕುಗಳ ಮಾದರಿ ಶಿಕ್ಷಣಸಾಲ ಯೋಜನೆಯಂತೆ ಸಾಲವು 7.5 ಲಕ್ಷ ರೂಪಾಯಿಯನ್ನು ಮೀರಿದರೆ ಸಾಮಾನ್ಯವಾಗಿ ಆಸ್ತಿಯ ಆಧಾರ ಬೇಕಾಗುವುದು. ಪರದೇಶದ ಓದಿಗೆ ಆ ಮೊತ್ತವು ಏತಕ್ಕೂ ಸಾಲದಾದ್ದರಿಂದ ತೋಟದ ಕಾಗದಪತ್ರಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಈ ಸೀಮೆಯ ಅಂಥ ಕಡತವೊಂದನ್ನು ಬಿಡಿಸಿ ನೋಡಬೇಕು: 1956ಕ್ಕೆ ಹಿಂದೆ, ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದಾಗ, ಅಜ್ಜನು ಬರೆಸಿದ ಆಧಾರಪತ್ರ ಕನ್ನಡದಲ್ಲಿ, ವಿಲೇಜ್ ಆಫೀಸಿನ ತೆರಿಗೆ ರಸೀದಿ ಮಲಯಾಳದಲ್ಲಿ, ವಿಶ್ವವಿದ್ಯಾಲಯದ ಪ್ರವೇಶಪತ್ರ ಇಂಗ್ಲಿಷಿನಲ್ಲಿ. ಬ್ಯಾಂಕಿನ ಮೌಲ್ಯಮಾಪಕನು ಬಂದು ನೆಲವನ್ನೂ ದಾರಿಯನ್ನೂ ನೀರಿನ ಅನುಕೂಲವನ್ನೂ ನೋಡಿ ಬರೆದುಕೊಂಡು ಹೋಗುವನು. ಆದರೆ ಯಾವ ಸಂಪಾದನೆಯಿಂದ ಸಾಲ ತೀರಬೇಕೋ ಆ ಸಂಪಾದನೆಗೆ ಎಡೆಗೊಡುವ ಪರವಾನಿಗೆಯ ಷರತ್ತುಗಳನ್ನು ಹಾಗೆ ಪರೀಕ್ಷಿಸಿ ಬೆಲೆಕಟ್ಟುವ ಪದ್ಧತಿ ಸಾಮಾನ್ಯವಾಗಿ ಕಾಣದು. ವ್ಯಾಸಂಗ ಮುಗಿದ ಒಂದು ವರ್ಷಕ್ಕೆ ಕಂತು ಆರಂಭ, ತೀರಿಸುವುದಕ್ಕೆ 15 ವರ್ಷ, ಇದು ನಿಶ್ಚಿತ. ಪರವಾನಿಗೆಯಾದರೋ ಪರದೇಶದ ಮಂತ್ರಿಯೊಬ್ಬನ ಪ್ರಕಟಣೆಗೆ ಅಧೀನ.

ರಚನೆಯ ದೃಷ್ಟಿಯಿಂದ ಕೆನಡಾದ ಪರವಾನಿಗೆಯೇ ಎಲ್ಲಕ್ಕಿಂತ ವಿವೇಕದಿಂದ ಕಲ್ಪಿತವಾದುದೆಂದು ನನ್ನ ಮತ. ಕೊಲ್ಲಿಯ ನಾಡುಗಳಿಗೆ ಹೋದ ಹಿಂದಿನ ತಲೆಮಾರಿನವರು ಕಫಾಲಾ ಪದ್ಧತಿಯಲ್ಲಿ ಒಬ್ಬ ಧಣಿಗೆ ಕಟ್ಟುಬಿದ್ದು, ಪಾಸ್‌ಪೋರ್ಟನ್ನೂ ಆತನ ಕೈಗೊಪ್ಪಿಸಿ ದುಡಿದ ಕಥೆಗಳನ್ನು ಕಾಸರಗೋಡಿನಲ್ಲಿ ಕೇಳದವರಿಲ್ಲ; ಕೆನಡಾದ ಪರವಾನಿಗೆಯುಳ್ಳವನು ಯಾವ ಧಣಿಯ ಬಳಿಯಾದರೂ ದುಡಿಯಬಹುದು, ಬಿಡಬಹುದು, ಗರಿಷ್ಠ 3 ವರ್ಷ ಹೀಗೆ ನಡೆಯಬಹುದು, ಕುಶಲವೃತ್ತಿಯಲ್ಲಿ ಒಂದು ವರ್ಷ ಕಳೆದರೆ ಖಾಯಂ ನಿವಾಸಕ್ಕೆ ಅರ್ಜಿಯನ್ನೂ ಹಾಕಬಹುದು. ಜೀವಮಾನದಲ್ಲಿ ಒಮ್ಮೆ ಮಾತ್ರ ದೊರೆಯುವ ಈ ಪತ್ರವನ್ನು ಅಂಗಡಿಯ ಕಟ್ಟೆಯಲ್ಲಿ ನಿಂತು ಸವೆಸಿದವನಿಗೆ ಆ ದುಡಿಮೆ ಲೆಕ್ಕಕ್ಕೆ ಬಾರದೆಂಬುದು ಮಾತ್ರ ಕಠಿನವಾದ ಮಾತು. ಇಂಥ ವ್ಯವಸ್ಥೆಯನ್ನು 2024ರಲ್ಲಿ ತಿದ್ದಿದ ರೀತಿಯೇ ವಿಮರ್ಶೆಗೆ ಗುರಿಯಾಗತಕ್ಕದ್ದು. ಆ ವರ್ಷದ ನವೆಂಬರ್ 1ರಿಂದ ಎರಡು ನಿಯಮಗಳು ಬಂದವು. ಪದವಿಯಲ್ಲದ ಡಿಪ್ಲೊಮಾಗಳನ್ನು ಓದುವವರಿಗೆ ನಿರ್ದಿಷ್ಟ ವಿಷಯಗಳಲ್ಲಿ ಮಾತ್ರ ಪರವಾನಿಗೆ ಎಂಬ ಮೊದಲನೆಯ ನಿಯಮವನ್ನು, ಆ ದಿನದಿಂದೀಚೆಗೆ ವ್ಯಾಸಂಗದ ಅನುಮತಿಗೆ ಅರ್ಜಿ ಹಾಕಿದವರಿಗೆ ಮಾತ್ರ ಅನ್ವಯಿಸಿದರು, ಇದು ನ್ಯಾಯ. ಭಾಷಾಪರೀಕ್ಷೆಯ ಎರಡನೆಯ ನಿಯಮವನ್ನಾದರೋ ಆಗಲೇ ಅಲ್ಲಿ ಓದುತ್ತಿದ್ದವರ ಮೇಲೂ ಹೇರಿದರು. ಪರೀಕ್ಷೆಯ ಫಲಿತಾಂಶಕ್ಕೆ ಎರಡೇ ವರ್ಷದ ಆಯುಸ್ಸಾದ್ದರಿಂದ, ಊರು ಬಿಡುವ ಮುನ್ನ ಮಂಗಳೂರಿನಲ್ಲಿ ಉತ್ತೀರ್ಣನಾದ ಹುಡುಗನು ಎರಡು ವರ್ಷ ಇಂಗ್ಲಿಷಿನಲ್ಲಿಯೇ ಓದಿ ಪದವಿ ಪಡೆದ ಮೇಲೂ ತನಗೆ ಇಂಗ್ಲಿಷ್ ಬರುವುದೆಂದು ಮರಳಿ ಹಣ ತೆತ್ತು ರುಜುವಾತುಪಡಿಸಬೇಕಾಯಿತು. ಒಂದೇ ದಿನ, ಒಂದೇ ಇಲಾಖೆ, ಒಂದಕ್ಕೆ ವಿವೇಕ, ಇನ್ನೊಂದಕ್ಕೆ ಇಲ್ಲ!

ಬ್ರಿಟನ್ನಿನ ಚರಿತ್ರೆ ಇನ್ನೂ ಚಂಚಲವಾದುದು. 2012ರಲ್ಲಿ ಮುಚ್ಚಿದ ಬಾಗಿಲನ್ನು 2021ರ ಜುಲೈಯಲ್ಲಿ ತೆರೆದು ಎರಡು ವರ್ಷವೆಂದು ಸಾರಿದರು. 2025ರಲ್ಲಿ ಅದನ್ನು 18 ತಿಂಗಳಿಗೆ ಇಳಿಸುವೆವೆಂದರು. ಈ ಇಳಿಕೆಯು 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆಂದು ಇರುವುದರಿಂದ, 2024ರಲ್ಲಿ ಮೂರು ವರ್ಷದ ಪದವಿಗೆ ಸೇರಿದವನು ಎರಡು ವರ್ಷದ ಆಶ್ವಾಸನೆಯನ್ನು ನಂಬಿ ಶುಲ್ಕ ಕಟ್ಟಿ, ಒಂದೂವರೆ ವರ್ಷವನ್ನು ಪಡೆಯುವನು. ಅಮೆರಿಕದಲ್ಲಿ 12 ತಿಂಗಳು, ವಿಜ್ಞಾನ ಹಾಗೂ ತಂತ್ರಜ್ಞಾನದವರಿಗೆ ಮತ್ತೆ 24. ಮೊದಲ ಅವಧಿಯಲ್ಲಿ ಕೆಲಸವಿಲ್ಲದ ದಿನಗಳು ಒಟ್ಟು 90ನ್ನು ಮೀರುವಂತಿಲ್ಲ, ಅವುಗಳಲ್ಲಿ ಭಾನುವಾರವೂ ಲೆಕ್ಕಕ್ಕೆ ಸೇರುವುದು. ವಾಣಿಜ್ಯವನ್ನೋ ಸಾಹಿತ್ಯವನ್ನೋ ಓದಿದವನ ಪಾಡನ್ನು ವಿವರಿಸಬೇಕಾಗಿಲ್ಲ.

ನನ್ನನ್ನು ಕೇಳಿದವರಿಗೆ ನಾನು ಜರ್ಮನಿಯನ್ನು ಸೂಚಿಸುತ್ತೇನೆ. ಅಲ್ಲಿನ ಅವಧಿಯೂ 18 ತಿಂಗಳೇ, ಅಷ್ಟರೊಳಗೆ ಓದಿಗೆ ತಕ್ಕ ಉದ್ಯೋಗವನ್ನು ಅರಸುತ್ತ ಯಾವ ಕೆಲಸವನ್ನಾದರೂ ಮಾಡಬಹುದು. ಆದರೆ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಶುಲ್ಕವಿಲ್ಲದಿರುವುದರಿಂದ ಸಾಲವೇ ಕಿರಿದಾಗಿ, ಪರವಾನಿಗೆ ಫಲಿಸದಿದ್ದರೂ ತೋಟ ಕೈಬಿಟ್ಟು ಹೋಗದು. ಭಾಷೆಯನ್ನು ಹೊಸದಾಗಿ ಕಲಿಯಬೇಕೆಂಬುದು ನಿಜ. ಕನ್ನಡದಲ್ಲಿ ಓದಿ, ತುಳುವಿನಲ್ಲಿ ವ್ಯವಹರಿಸಿ, ಕಚೇರಿಗಾಗಿ ಮಲಯಾಳವನ್ನು ಕಲಿತ ಈ ಸೀಮೆಯ ಮಕ್ಕಳನ್ನು ಅದು ಹೆದರಿಸಲಾರದು. ವರ್ಷದ ಖರ್ಚಿಗೆಂದು 11,904 ಯೂರೋಗಳನ್ನು ಮುಂಗಡವಾಗಿ ಇರಿಸಬೇಕೆಂಬುದೇ ದೊಡ್ಡ ತೊಡಕು. ಆದರೆ ಆ ಹಣವು ತಿಂಗಳು ತಿಂಗಳು ವಿದ್ಯಾರ್ಥಿಯ ಕೈಗೇ ಮರಳಿ ಬರುವುದು.