ಆವಕ, ಜಾವಕ, ಒಂದು ಕ್ಷಣ

ಒಂದು ಶುಕ್ರವಾರ ಬೆಳಿಗ್ಗೆ, ಹಿಂದಿನ ರಾತ್ರಿಯ ಸ್ನ್ಯಾಪ್‌ಶಾಟನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ಡೇಟಾಬೇಸನ್ನು ಎಬ್ಬಿಸಿ ನೋಡೋಣವೆಂದು ನಾವು ಮೂವರು ಕುಳಿತಿದ್ದೆವು. ಎರಡು ವರ್ಷಗಳಿಂದ ದಿನವೂ ತಪ್ಪದೆ ಹಸಿರು ಗುರುತನ್ನು ತೋರಿಸುತ್ತ, ಎಲ್ಲವೂ ಕ್ಷೇಮವೆಂದು ವರದಿ ಮಾಡುತ್ತ ಬಂದಿದ್ದ ವ್ಯವಸ್ಥೆ ಅದು. ಅಂದು ಪೋಸ್ಟ್‌ಗ್ರೆಸ್ ಏಳಲಿಲ್ಲ. ಚೆಕ್‌ಪಾಯಿಂಟಿನ ದಾಖಲೆ ಸಿಕ್ಕಲಿಲ್ಲವೆಂದು ಒಂದು ಸಾಲು ಬರೆದು ಸುಮ್ಮನಾಯಿತು. ದತ್ತಾಂಶದ ವಾಲ್ಯೂಮು, ಕೊನೆಯ ಚೆಕ್‌ಪಾಯಿಂಟ್ ಲಾಗಿನ ಇಂಥ ಸ್ಥಳದಲ್ಲಿದೆಯೆಂದು ಬೆರಳು ತೋರುತ್ತಿತ್ತು. ಲಾಗಿನ ವಾಲ್ಯೂಮಿನಲ್ಲಿ ಆ ಸ್ಥಳವೇ ಇನ್ನೂ ಹುಟ್ಟಿರಲಿಲ್ಲ. ವಿಚಾರಿಸಿದಾಗ ತಿಳಿದದ್ದಿಷ್ಟು: ಲಾಗಿನ ಸ್ನ್ಯಾಪ್‌ಶಾಟು ಮೊದಲು, ದತ್ತಾಂಶದ್ದು ಏಳು ಸೆಕೆಂಡು ತರುವಾಯ. ಎರಡೂ ಪ್ರತಿಗಳು ಪ್ರತ್ಯೇಕವಾಗಿ ನಿರ್ದುಷ್ಟವಾಗಿದ್ದವು. ಕೂಡಿಸಿದರೆ ಮಾತ್ರ ಎಂದೂ ಇದ್ದಿರದ ಒಂದು ಲೋಕವಾಗುತ್ತಿತ್ತು.

ಅಂಗಡಿಯ ಲೆಕ್ಕ ಬರೆದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ವ್ಯವಹಾರ ನಡೆದೊಡನೆ ರೋಜುಕೀರ್ದಿಯಲ್ಲಿ ಬರೆಯುವುದು, ಆಮೇಲೆ ಬಿಡುವಾದಾಗ ಅದನ್ನು ಖಾತೆಗಳಿಗೆ ಎತ್ತಿಕೊಳ್ಳುವುದು ಹಳೆಯ ಪದ್ಧತಿ. ಕೀರ್ದಿಯಲ್ಲಿದ್ದು ಖಾತೆಯಲ್ಲಿಲ್ಲದ ಬಾಬ್ತನ್ನು ಯಾವ ಗುಮಾಸ್ತನಾದರೂ ಎತ್ತಿ ಬರೆದಾನು, ಆದರೆ ಖಾತೆಯಲ್ಲಿದ್ದು ಕೀರ್ದಿಯಲ್ಲಿಲ್ಲದ ಬಾಬ್ತು ಕಂಡರೆ ಅವನು ಲೇಖನಿಯನ್ನು ಕೆಳಗಿಟ್ಟು ಯಜಮಾನನನ್ನು ಕರೆಯಬೇಕಾಗುತ್ತದೆ. ಇಂದಿನ ಬಹುಪಾಲು ಡೇಟಾಬೇಸುಗಳು ನಡೆಯುವುದು ಈ ನೇಮದಿಂದಲೇ. ಬದಲಾವಣೆಯ ದಾಖಲೆ ಮೊದಲು ಲಾಗಿಗೆ ಸೇರತಕ್ಕದ್ದು, ಪುಟ ತಿದ್ದಲ್ಪಟ್ಟು ಡಿಸ್ಕಿಗೆ ಸೇರುವುದು ಅನಂತರ. ಆದಕಾರಣವೇ, ನಡುವೆ ಕರೆಂಟು ಹೋದರೂ ಡೇಟಾಬೇಸು ಲಾಗನ್ನು ಓದಿಕೊಂಡು ತಾನಾಗಿ ಚೇತರಿಸಿಕೊಳ್ಳಬಲ್ಲುದು. ಎಲ್ಲ ವಾಲ್ಯೂಮುಗಳನ್ನೂ ಏಕಕಾಲದಲ್ಲಿ ಹಿಡಿದ ಸ್ನ್ಯಾಪ್‌ಶಾಟು ಅಂಥ ಕರೆಂಟು ಹೋದ ಕ್ಷಣಕ್ಕೆ ಸಮಾನ. ಇದನ್ನೇ ಈ ಕಸುಬಿನವರು ಕ್ರ್ಯಾಶ್-ಕನ್ಸಿಸ್ಟೆಂಟ್ ಎನ್ನುತ್ತಾರೆ. ಹೆಸರು ಅಪಶಕುನದಂತೆ ಕೇಳಿಸಿದರೂ ಅದು ಸಣ್ಣ ಸಾಧನೆಯಲ್ಲ.

ಸ್ನ್ಯಾಪ್‌ಶಾಟ್ ಎಂಬ ಪದದ ಬಗೆಗೆ ನನಗೊಂದು ತಕರಾರಿದೆ. ಛಾಯಾಚಿತ್ರವೆಂದರೆ ಮೂಲದಿಂದ ಬೇರ್ಪಟ್ಟ, ಜೇಬಿನಲ್ಲಿಟ್ಟುಕೊಂಡು ಹೋಗಬಹುದಾದ ವಸ್ತುವೆಂದು ಕೇಳಿದವರು ಭಾವಿಸುತ್ತಾರೆ. ವಾಸ್ತವದಲ್ಲಿ ಬಹುಪಾಲು ಸ್ನ್ಯಾಪ್‌ಶಾಟುಗಳು ಮೂಲದ ಬ್ಲಾಕುಗಳನ್ನೇ ಹಂಚಿಕೊಂಡಿರುವ ಸೂಚಿಗಳು. ಮೇಲೆ ಹೊಸ ಬರಹ ಬಿದ್ದಾಗ ಹಳೆಯ ಬ್ಲಾಕನ್ನು ಉಳಿಸಿಕೊಳ್ಳುತ್ತವೆ, ಅಷ್ಟೆ. ಕ್ಷಣಾರ್ಧದಲ್ಲಿ ಸಿದ್ಧವಾಗುವುದು ಈ ಮಿತವ್ಯಯದಿಂದ. ಡಿಸ್ಕು ಸುಟ್ಟರೆ ಜೊತೆಯಲ್ಲೇ ಸುಡುವುದೂ ಇದರಿಂದಲೇ.

ಏಕಕಾಲದಲ್ಲಿ ಎಂದೆನಷ್ಟೆ. ಇಲ್ಲಿ ನಿಜಕ್ಕೂ ಬೇಕಾದದ್ದು ಯೌಗಪದ್ಯವೋ ಪೌರ್ವಾಪರ್ಯವೋ ಎಂಬುದನ್ನು ವಿವೇಚಿಸದೆ ಈ ಪದ್ಧತಿಯ ಬೆಲೆ ಕಟ್ಟುವುದು ಅಸಾಧ್ಯ. 1985ರಲ್ಲಿ ಮಣಿ ಚಾಂಡಿ ಮತ್ತು ಲೆಸ್ಲಿ ಲ್ಯಾಂಪೋರ್ಟ್ ಪ್ರಕಟಿಸಿದ ಪ್ರಬಂಧ ಈ ಪ್ರಶ್ನೆಗೆ ಮೂಲಸ್ಥಾನ. ಚಾಂಡಿ ಮದರಾಸಿನ ಐಐಟಿಯಲ್ಲಿ ಓದಿದವರು, ಆಗ ಟೆಕ್ಸಸ್ಸಿನ ಆಸ್ಟಿನ್‌ನಲ್ಲಿದ್ದರು. ಊಟದ ವೇಳೆ ಅವರು ಸಮಸ್ಯೆಯನ್ನೆತ್ತಿದರೆಂದೂ, ಆ ಹೊತ್ತಿಗಾಗಲೇ ದ್ರಾಕ್ಷಾರಸ ಹೆಚ್ಚಾಗಿದ್ದುದರಿಂದ ಯೋಚನೆ ಸಾಗಲಿಲ್ಲವೆಂದೂ, ಮಾರನೆಯ ಬೆಳಿಗ್ಗೆ ಸ್ನಾನಮಾಡುತ್ತಿರುವಾಗ ತಮಗೆ ಪರಿಹಾರ ಹೊಳೆಯಿತೆಂದೂ, ಅದನ್ನು ಹೇಳಲು ಹೋದರೆ ಚಾಂಡಿಯವರೂ ಅದೇ ಪರಿಹಾರವನ್ನು ಕಂಡುಕೊಂಡು ಕಾದಿದ್ದರೆಂದೂ ಲ್ಯಾಂಪೋರ್ಟ್ ಬರೆದಿದ್ದಾರೆ. ಪ್ರಬಂಧದಲ್ಲಿ ಬರುವ ಉಪಮೆ ಸೊಗಸಾದದ್ದು: ವಲಸೆಹಕ್ಕಿಗಳು ತುಂಬಿದ ಆಕಾಶ ಒಂದು ಚಿತ್ರಕ್ಕೆ ಹಿಡಿಸದು, ಛಾಯಾಗ್ರಾಹಕರು ಹಲವರಿದ್ದು ತುಂಡುತುಂಡಾಗಿ ತೆಗೆದು ಜೋಡಿಸಬೇಕು, ಹಕ್ಕಿಗಳೋ ನಿಲ್ಲುವುದಿಲ್ಲ. ಅವರು ಕಂಡ ತತ್ತ್ವವೇನೆಂದರೆ, ತುಂಡುಗಳೆಲ್ಲ ಗಡಿಯಾರದ ಒಂದೇ ಮುಹೂರ್ತದವಾಗಿರಬೇಕಾದ್ದಿಲ್ಲ. ಯಾವ ಕಾರ್ಯವೂ ತನ್ನ ಕಾರಣವನ್ನು ಚಿತ್ರದ ಹೊರಗೆ ಬಿಟ್ಟು ತಾನು ಮಾತ್ರ ಒಳಗೆ ಬಂದಿರಬಾರದು, ಮತ್ತು ಹೊರಟು ಇನ್ನೂ ತಲುಪದಿರುವ ಸಂದೇಶಗಳೂ ಸ್ಥಿತಿಯ ಅಂಗವೆಂದೇ ಎಣಿಕೆಯಾಗಬೇಕು.

ಈ ಒರೆಗಲ್ಲಿಗೆ ಡೇಟಾಬೇಸನ್ನೂ ಮೇಲ್ ಸರ್ವರನ್ನೂ ಜೊತೆಯಾಗಿ ಉಜ್ಜಿ ನೋಡಬೇಕು. ಅರ್ಜಿ ಸ್ವೀಕರಿಸಿ ಉತ್ತರ ಕಳುಹಿಸುವ ಒಂದು ಕಚೇರಿಯಿದೆಯೆನ್ನೋಣ. ಜಾವಕದ ಪತ್ರ ಹೊರಟೊಡನೆ ಡೇಟಾಬೇಸಿನಲ್ಲಿ ‘ಕಳುಹಿಸಿದೆ’ ಎಂಬ ಗುರುತು ಬೀಳುತ್ತದೆ. ಮೇಲ್ ಸರ್ವರಿನ ಸ್ನ್ಯಾಪ್‌ಶಾಟು ಮೊದಲಾಗಿ ಡೇಟಾಬೇಸಿನದು ಆಮೇಲಾದರೆ, ಪುನಃಸ್ಥಾಪನೆಯ ಬಳಿಕ ಗುರುತಿರುತ್ತದೆ, ಪತ್ರವಿರುವುದಿಲ್ಲ; ಅರ್ಜಿದಾರ ಎಷ್ಟು ಸಲ ಕೇಳಿದರೂ ಯಂತ್ರ, ಕಳುಹಿಸಿಯಾಯಿತೆಂದೇ ಸಾಧಿಸುತ್ತದೆ. ಹಾಗಾದರೆ ಡೇಟಾಬೇಸಿನದನ್ನೇ ಮೊದಲು ಮಾಡೋಣವೆಂದರೆ ಜಾವಕದ ಮಟ್ಟಿಗೆ ಅದು ಸರಿ: ಗುರುತಿರುವ ಪತ್ರಗಳೆಲ್ಲ ಮೇಲ್ ಸರ್ವರಿನಲ್ಲಿ ಇದ್ದೇ ಇರುತ್ತವೆ, ಹೆಚ್ಚೆಂದರೆ ಕೆಲವು ಎರಡನೆಯ ಸಲ ಹೋದಾವು. ಎರಡು ಸಲ ಬಂದ ಪತ್ರಕ್ಕಾಗಿ ಯಾರೂ ಅತ್ತದ್ದಿಲ್ಲ. ಆದರೆ ಆವಕದಲ್ಲಿ ನಡೆ ತಿರುಗುಮುರುಗು. ಬಂದ ಪತ್ರವನ್ನು ಓದಿ, ಡೇಟಾಬೇಸಿನಲ್ಲಿ ನಮೂದಿಸಿ, ಪೆಟ್ಟಿಗೆಯಿಂದ ಅಳಿಸಿಹಾಕುವುದು ಇಲ್ಲಿನ ರೂಢಿ. ಡೇಟಾಬೇಸಿನ ಸ್ನ್ಯಾಪ್‌ಶಾಟು ಮುಗಿದು ಮೇಲಿನದು ಆಗುವಷ್ಟರೊಳಗೆ ಒಂದು ಅರ್ಜಿ ನಮೂದಾಗಿ ಅಳಿಸಲ್ಪಟ್ಟರೆ, ಡೇಟಾಬೇಸಿನ ಪ್ರತಿಯಲ್ಲಿ ಅದು ಇನ್ನೂ ಬಂದಿಲ್ಲ, ಪೆಟ್ಟಿಗೆಯ ಪ್ರತಿಯಲ್ಲಿ ಆಗಲೇ ಹೋಗಿದೆ. ಬರೆದವನೊಬ್ಬನ ಹೊರತು ಜಗತ್ತಿನಲ್ಲಿ ಅದಕ್ಕೆ ಸಾಕ್ಷಿಯಿಲ್ಲ. ಆವಕವನ್ನು ಕಾಪಾಡುವ ಅನುಕ್ರಮ ಜಾವಕವನ್ನು ಕೆಡಿಸುತ್ತದೆ, ಜಾವಕವನ್ನು ಕಾಪಾಡುವುದು ಆವಕವನ್ನು. ಒಂದಾದ ಮೇಲೊಂದು ತೆಗೆಯುವ ಯಾವ ಜಾಣ್ಮೆಯೂ ಇಲ್ಲಿ ಸಾಲದೆಂಬುದೇ ಎರಡನ್ನೂ ಒಂದೇ ಕನ್ಸಿಸ್ಟೆನ್ಸಿ ಗ್ರೂಪಿಗೆ ಸೇರಿಸಿ ಏಕಕ್ಷಣದಲ್ಲಿ ಹಿಡಿಯುವ ಪದ್ಧತಿಗಿರುವ ನಿಜವಾದ ಸಮರ್ಥನೆ. ದೊಡ್ಡ ಸ್ಟೋರೇಜ್ ಪೆಟ್ಟಿಗೆಗಳಿಗೆ ಇದು ಬಹುಕಾಲದ ಅಭ್ಯಾಸ. ಅಮೆಜಾನಿನ ಇಬಿಎಸ್‌ಗೆ ಹಲವು ವಾಲ್ಯೂಮುಗಳನ್ನು ಒಟ್ಟಿಗೆ ಹಿಡಿಯುವ ಸೌಕರ್ಯ ಬಂದದ್ದು 2019ರಲ್ಲಿ.

ಮೇಲ್ ಸರ್ವರಿನ ಪಾಲಿಗೆ ಬಂದರೆ, ಡೇನಿಯಲ್ ಬರ್ನ್‌ಸ್ಟೈನ್ ಕ್ಯೂಮೇಲಿಗಾಗಿ ರೂಪಿಸಿದ ಮೇಲ್‌ಡೈರ್ ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ಪತ್ರಕ್ಕೊಂದು ಫೈಲು, ಬರೆದು ಮುಗಿಯುವತನಕ ಒಂದು ಕೋಣೆ, ಮುಗಿದೊಡನೆ ಇನ್ನೊಂದಕ್ಕೆ ಸ್ಥಳಾಂತರ, ಯಾವ ಕ್ಷಣದಲ್ಲಿ ಹಿಡಿದರೂ ಅರೆಬರೆ ಪತ್ರ ಓದುಗನ ಕಣ್ಣಿಗೆ ಬೀಳದು. ಮರೆಯುವುದು ಹೆಚ್ಚಾಗಿ ಕ್ಯೂವನ್ನು, ಎಂದರೆ ಹೊರಡಲು ಸರದಿ ನಿಂತ ಪತ್ರಗಳನ್ನು. ಅದು ಬೇರೆ ವಾಲ್ಯೂಮಿನಲ್ಲಿರುತ್ತದೆ, ತಾತ್ಕಾಲಿಕವೆಂದು ಗ್ರೂಪಿನಿಂದ ಬಿಡುತ್ತಾರೆ. ಪೋಸ್ಟ್‌ಫಿಕ್ಸಿನಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ: ಸರದಿಯ ಫೈಲಿನ ಹೆಸರು ಅದರ ಐನೋಡ್ ಸಂಖ್ಯೆಗೆ ಅಂಟಿಕೊಂಡಿರುವುದರಿಂದ, ಫೈಲುಗಳನ್ನು ಸಾಮಾನ್ಯ ರೀತಿಯಲ್ಲಿ ನಕಲುಮಾಡಿ ತಂದರೆ ಹೆಸರುಗಳನ್ನು ತಿದ್ದಬೇಕಾಗುತ್ತದೆ; ಬ್ಲಾಕಿಗೆ ಬ್ಲಾಕು ಹಿಡಿಯುವ ಸ್ನ್ಯಾಪ್‌ಶಾಟಿನಲ್ಲಿ ಆ ತೊಡಕೇ ಇಲ್ಲ.

ಸೆರೆಹಿಡಿಯುವ ಮುನ್ನ ಅಪ್ಲಿಕೇಶನ್ನುಗಳನ್ನು ಸ್ತಬ್ಧಗೊಳಿಸುವುದೇ ಶ್ರೇಷ್ಠವೆಂಬ ಪಂಥವೊಂದಿದೆ. ವಿಂಡೋಸ್ ಸರ್ವರ್ 2003ರ ಕಾಲದಿಂದ ಎಕ್ಸ್‌ಚೇಂಜಿನಂಥ ಮೇಲ್ ಸರ್ವರುಗಳಿಗೆ ವಿಎಸ್ಎಸ್ ಎಂಬ ವ್ಯವಸ್ಥೆ ಈ ಸೇವೆ ಮಾಡುತ್ತಿದೆ. ಬರಹವನ್ನು ತಡೆಹಿಡಿಯುವ ಅವಧಿ 10 ಸೆಕೆಂಡು ಮೀರಿದರೆ ಯತ್ನವನ್ನೇ ಕೈಬಿಡುವ ಅದರ ಸಂಯಮವನ್ನು ನಾನು ಮೆಚ್ಚುತ್ತೇನೆ. ಮೈಎಸ್‌ಕ್ಯೂಎಲ್ಲಿನ ಸರ್ವಟೇಬಲ್ ಬೀಗಕ್ಕೆ ಅಂಥ ಸಂಯಮವಿಲ್ಲ: ಯಾರೋ ಹಾಕಿದ ಅರ್ಧ ಗಂಟೆಯ ಕ್ವೆರಿಯೊಂದರ ಹಿಂದೆ ಬೀಗ ಕಾಯುತ್ತದೆ, ಬೀಗದ ಹಿಂದೆ ಊರೆಲ್ಲ ಕಾಯುತ್ತದೆ. ಒಳ್ಳೆಯ ಲಾಗಿರುವ ಡೇಟಾಬೇಸಿಗೆ ಈ ಸ್ತಂಭನ ಅನವಶ್ಯಕವೆಂದೇ ನನ್ನ ಅಭಿಪ್ರಾಯ. ಬೀಗ ಹಾಕುವ ಸ್ಕ್ರಿಪ್ಟು ಬರೆಯುವವರು ಬಹಳ, ನಡುವೆ ಅದು ಸತ್ತರೆ ಬೀಗ ತೆಗೆಯುವವರಾರೆಂದು ಯೋಚಿಸಿದವರು ಕಡಮೆ.

ಇನ್ನು ರೆಪ್ಲಿಕಾ, ಎಂದರೆ ದೂರದಲ್ಲಿ ಇಟ್ಟುಕೊಂಡ ನಕಲು. ಗಾಜಿನ ತಂತುವಿನಲ್ಲಿ ಬೆಳಕು 100 ಕಿ.ಮೀ. ಹೋಗಿ ಬರಲು ಸುಮಾರು 1 ಮಿಲಿಸೆಕೆಂಡು ಹಿಡಿಯುತ್ತದೆ. ಪ್ರತಿ ಬರಹವೂ ಆ ದಾರಿಯ ಉತ್ತರಕ್ಕಾಗಿ ಕಾಯಲಾರದೆಂದು ದೂರದ ಕೇಂದ್ರಕ್ಕೆ ಹಿಂದೆಹಿಂದೆ ಕಳುಹಿಸುತ್ತಾರೆ, ಮೂಲಕ್ಕೆ ಭಾರವಾಗದಿರಲೆಂದು ಸ್ನ್ಯಾಪ್‌ಶಾಟನ್ನೂ ಅಲ್ಲಿಯೇ ತೆಗೆಯುತ್ತಾರೆ. ಆದರೆ ಡೇಟಾಬೇಸಿನ ನಕಲು ಎರಡು ಸೆಕೆಂಡು ಹಿಂದಿದ್ದು ಮೇಲಿನದು ಇಪ್ಪತ್ತು ಸೆಕೆಂಡು ಹಿಂದಿದ್ದರೆ, ಗಡಿಯಾರ ನೋಡಿ ಒಟ್ಟಿಗೆ ಹಿಡಿದ ಎರಡು ಪ್ರತಿಗಳ ನಡುವೆ ಹದಿನೆಂಟು ಸೆಕೆಂಡಿನ ಕಂದಕವಿರುತ್ತದೆ. ಗಡಿಯಾರದ ಯೌಗಪದ್ಯ ಎಷ್ಟು ಪೊಳ್ಳೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಎರಡೂ ವಾಲ್ಯೂಮುಗಳ ಬರಹಗಳು ಒಂದೇ ಸಾಲಿನಲ್ಲಿ, ಹೊರಟ ಅನುಕ್ರಮದಲ್ಲಿಯೇ ಹೋಗಿ ಸೇರಿದರೆ ಮಾತ್ರ ದೂರದ ಪ್ರತಿಗೆ ಅರ್ಥ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ರೆಪ್ಲಿಕೇಶನ್ನಿನ ತೊಂದರೆಯನ್ನು ಸರಿಪಡಿಸುತ್ತಿದ್ದ ಇಂಜಿನಿಯರೊಬ್ಬರು, ನಕಲಿನದೆಂದು ಭಾವಿಸಿ ಮೂಲದ ದತ್ತಾಂಶವನ್ನೇ ಅಳಿಸಿದ ಪ್ರಸಂಗವನ್ನು ಆ ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿತು. ದಿನದಿನದ ಬ್ಯಾಕಪ್ಪು ಆವೃತ್ತಿಗಳ ಹೊಂದಾಣಿಕೆ ತಪ್ಪಿ ಸದ್ದಿಲ್ಲದೆ ಸೋಲುತ್ತಿತ್ತು. ಸೋಲನ್ನು ತಿಳಿಸುವ ಇಮೇಲುಗಳು, ಅವುಗಳಿಗೆ ಡಿಮಾರ್ಕ್ ಅಳವಡಿಸಿರದ ಕಾರಣ, ತಿರಸ್ಕೃತವಾಗುತ್ತಿದ್ದವು. ಕೊನೆಗೆ ಕೈಹಿಡಿದದ್ದು ಸುಮಾರು 6 ಗಂಟೆ ಮುಂಚೆ ಬೇರಾವುದೋ ಪರೀಕ್ಷೆಗೆಂದು ಕೈಯಾರೆ ತೆಗೆದಿದ್ದ ಒಂದು ಎಲ್‌ವಿಎಂ ಸ್ನ್ಯಾಪ್‌ಶಾಟು. ಡೇಟಾಬೇಸನ್ನು ಕಾಯಬೇಕಾಗಿದ್ದ ಎಚ್ಚರಿಕೆ ಇಮೇಲಿನ ಹೊಸ್ತಿಲಲ್ಲೇ ಸತ್ತಿತೆಂಬುದು, ಈ ಎರಡನ್ನು ಬೇರೆಬೇರೆ ಇಲಾಖೆಗಳೆಂದು ಬಗೆಯುವವರು ಗಮನಿಸತಕ್ಕ ಸಂಗತಿ.

ಆ ಶುಕ್ರವಾರದ ತರುವಾಯ ನಾವೊಂದು ಸಣ್ಣ ಏರ್ಪಾಡು ಮಾಡಿಕೊಂಡೆವು. ನಿಯತವಾಗಿ ಡೇಟಾಬೇಸಿನಲ್ಲಿ ಒಂದು ಕ್ರಮಸಂಖ್ಯೆ ಬೀಳುತ್ತದೆ, ಅದೇ ಸಂಖ್ಯೆ ಹೊತ್ತ ಪತ್ರವೊಂದು ನಮ್ಮದೇ ಪೆಟ್ಟಿಗೆಗೆ ಹೊರಡುತ್ತದೆ. ವಾರಕ್ಕೊಮ್ಮೆ ಸ್ನ್ಯಾಪ್‌ಶಾಟನ್ನು ಎಬ್ಬಿಸಿ ಎರಡನ್ನೂ ಹೋಲಿಸುತ್ತೇವೆ. ಕಳೆದ ಸಲ ಡೇಟಾಬೇಸಿನಲ್ಲಿ ಕೊನೆಯ ಸಂಖ್ಯೆ 4413, ಪೆಟ್ಟಿಗೆಯಲ್ಲಿ 4412. ಹುಡುಗನೊಬ್ಬ ಆಗಲೇ ಗಾಬರಿಯಿಂದ ಫೋನು ಎತ್ತಿದ್ದ. ಕ್ಯೂ ತೆರೆದು ನೋಡಿದೆವು: 4413 ಅಲ್ಲಿ, ಹೊರಟು ಇನ್ನೂ ತಲುಪದೆ, ಸರದಿಯಲ್ಲಿ ನಿಂತಿತ್ತು.